ಕಡೆಯ ಕಾವಲುಗಾರ

ಊರಿನ ಕೆರೆಯ ಏರಿ ಗಟ್ಟಿಯಾಗಿ ನಿಂತಿರುವಷ್ಟು ಕಾಲ ಅದರ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ತುಂಬಿದ ನೀರನ್ನು ಕಂಡು ಜನ ಸಂತೋಷಪಡುತ್ತಾರೆ. ಗದ್ದೆಯ ಹಸುರನ್ನು ಕಂಡು ಹಿಗ್ಗುತ್ತಾರೆ. ಆ ನೀರನ್ನು ಹಗಲಿರುಳು ತಡೆದು ನಿಲ್ಲಿಸಿರುವ ಏರಿಯನ್ನು ನೆನೆಯುವವರು ವಿರಳ. ಎಂದೋ ಒಂದು ದಿನ ಅದು ಬಿರುಕು ಬಿಟ್ಟಿತೆಂದರೆ ಮಾತ್ರ ಊರಿಗೆ ಊರೇ ಅದರತ್ತ ಬೊಟ್ಟು ಮಾಡುತ್ತದೆ. ಲೋಕದಲ್ಲಿ ಕೆಲವರ ಕರ್ತವ್ಯವೂ ಇಂಥದೇ ಆಗಿರುತ್ತದೆ. ಅವರು ಸಾಧಿಸಿದುದು ಕಣ್ಣಿಗೆ ಬೀಳುವುದಿಲ್ಲ. ತಪ್ಪಿದುದು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಫುಟ್‌ಬಾಲ್ ಆಟದಲ್ಲಿ ಗೋಲ್‌ಕೀಪರನ ಸ್ಥಾನ ಹೀಗೆಯೇ ಇದೆ. ಒಂದು ತಂಡದ ಹನ್ನೊಂದು ಜನರಲ್ಲಿ ಹತ್ತು ಮಂದಿ ಮೈದಾನದ ತುಂಬ ಓಡಾಡುತ್ತಾರೆ. ಹನ್ನೊಂದನೆಯವನು 24 ಅಡಿ ಅಗಲ, 8 ಅಡಿ ಎತ್ತರದ ಗೋಲಿನ ಮುಂದೆ ಒಂಟಿಯಾಗಿ ನಿಲ್ಲುತ್ತಾನೆ. ಗೋಲಿನ ಮುಂದಿನ ಗೊತ್ತಾದ ಆವರಣದಲ್ಲಿ ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ಅವನೊಬ್ಬನಿಗೇ ಉಂಟು. ಆ ಅಧಿಕಾರದ ಜೊತೆಗೆ ಬಂದ ಹೊಣೆಯೂ ಅವನೊಬ್ಬನದೇ. ಮುಂದಿನ ಸಾಲಿನ ಆಟಗಾರ ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಗೋಲ್‌ಕೀಪರ್ ಹತ್ತು ಸಲ ಚೆಂಡನ್ನು ತಡೆದು ಹನ್ನೊಂದನೆಯ ಸಲ ತಪ್ಪಿದರೆ ಸೋಲಿನ ಭಾರವೆಲ್ಲ ಅವನ ಹೆಗಲಿಗೆ ಬೀಳುತ್ತದೆ. ಇಂಥ ಕಠಿಣವಾದ ಸ್ಥಾನದಲ್ಲಿ ಹಲವು ವರ್ಷಗಳ ಕಾಲ ಭಾರತದ ಪರವಾಗಿ ನಿಂತು, ಏಷ್ಯಖಂಡದಲ್ಲೆಲ್ಲ ಹೆಸರಾದವರು ಪೀಟರ್ ತಂಗರಾಜ್.

ತಂಗರಾಜರು 1935ರ ಡಿಸೆಂಬರ್ 24ರಂದು ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಜನಿಸಿದರು. ಹೈದರಾಬಾದಿಗೆ ಅಂಟಿಕೊಂಡಿರುವ ಸಿಕಂದರಾಬಾದ್ ಬ್ರಿಟಿಷರ ಕಾಲದಿಂದಲೂ ದಂಡು ಬೀಡುಬಿಟ್ಟಿದ್ದ ಊರು. ದಂಡು ಇದ್ದ ಕಡೆಗಳಲ್ಲಿ ಫುಟ್‌ಬಾಲ್ ಬೇಗ ಬೇರುಬಿಟ್ಟಿತು. ಸಿಪಾಯಿಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ತಾವೂ ತಂಡ ಕಟ್ಟಿಕೊಂಡು ಆಡತೊಡಗಿದರು. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಈ ಆಟ ಬೆಳೆದುದು ಹೀಗೆಯೇ. ಇಂಥ ವಾತಾವರಣದಲ್ಲಿ ಬೆಳೆದ ಬಾಲಕ ತಂಗರಾಜರು ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್ ಕ್ಲಬ್ಬಿನಲ್ಲಿಯೂ ಫ್ರೆಂಡ್ಸ್ ಯೂನಿಯನ್ ಕ್ಲಬ್ಬಿನಲ್ಲಿಯೂ ಆಟದ ಮೊದಲ ಪಾಠಗಳನ್ನು ಕಲಿತರು.

1953ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ಅವರು ಸೈನ್ಯವನ್ನು ಸೇರಿದರು. ಮೈಸೂರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಕಾಡು ದಾಟಿ ಘಟ್ಟವನ್ನು ಹತ್ತಿದರೆ ನೀಲಗಿರಿ ಬೆಟ್ಟಗಳು ಎದುರಾಗುತ್ತವೆ. ಆ ಬೆಟ್ಟಗಳ ಮಡಿಲಿನಲ್ಲಿ, ಕೂನೂರಿನ ಸಮೀಪದ ವೆಲ್ಲಿಂಗ್ಟನ್ ಎಂಬಲ್ಲಿ ಮದರಾಸು ರೆಜಿಮೆಂಟಿನ ಕೇಂದ್ರವಿದೆ. ತಂಗರಾಜರು ಸೇರಿದುದು ಈ ಕೇಂದ್ರವನ್ನು. ಸೈನಿಕ ಶಿಸ್ತು ಅವರ ದೇಹವನ್ನೂ ಮನಸ್ಸನ್ನೂ ಒಟ್ಟಿಗೆ ಹದಗೊಳಿಸಿತು.

ಅವರ ಜೀವನದ ಮುಖ್ಯವಾದ ತಿರುವೊಂದು ಆಟದ ಈ ಆರಂಭದ ವರ್ಷಗಳಲ್ಲಿಯೇ ಒದಗಿತು. ಮೊದಲಿಗೆ ಅವರು ಗೋಲ್‌ಕೀಪರ್ ಆಗಿರಲಿಲ್ಲ. ಸೆಂಟರ್ ಫಾರ್ವರ್ಡ್ ಆಗಿದ್ದರು. ಎಂದರೆ ಎದುರಾಳಿಯ ಕೋಟೆಯೊಳಕ್ಕೆ ನುಗ್ಗಿ ಗೋಲು ಹೊಡೆಯುವುದೇ ಅವರ ಕೆಲಸವಾಗಿತ್ತು. ಜನರ ಚಪ್ಪಾಳೆ ಹೆಚ್ಚಾಗಿ ಸಲ್ಲುವುದು ಆ ಸ್ಥಾನಕ್ಕೇ. ಅದನ್ನು ಬಿಟ್ಟು ಮೈದಾನದ ತುದಿಗೆ ಬಂದು ನಿಲ್ಲುವುದು ಹರೆಯದ ಯಾವ ಆಟಗಾರನಿಗೂ ಸುಲಭವಲ್ಲ. ತಂಗರಾಜರು ಹಾಗೆ ಬಂದು ನಿಂತರು. ಆರಡಿಗೂ ಮೀರಿದ ಎತ್ತರ, ನೀಳವಾದ ತೋಳುಗಳು ಆ ಸ್ಥಾನಕ್ಕೆಂದೇ ಅಳೆದು ಮಾಡಿದಂತಿದ್ದವು. ಗೋಲು ಹೊಡೆಯುವವನಾಗಿ ಕಳೆದ ದಿನಗಳೂ ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು. ಕೋಟೆಗೆ ಲಗ್ಗೆಹಾಕಿ ಅನುಭವವಿದ್ದವನು ಕೋಟೆಯನ್ನು ಕಾಯಲು ನಿಂತರೆ, ವೈರಿಯ ಮುಂದಿನ ಹೆಜ್ಜೆ ಎಲ್ಲಿ ಬೀಳಬಹುದೆಂಬ ಅಂದಾಜು ಅವನಿಗಿರುತ್ತದೆ.

ಗೋಲು ಕಾಯುವುದು ಕೇವಲ ಹಾರಿ ಹಿಡಿಯುವ ಕೆಲಸವೆಂದು ನೋಡುವವರು ಭಾವಿಸುವುದುಂಟು. ಅದು ಬುದ್ಧಿಯ ಕೆಲಸವೂ ಹೌದು. ಚೆಂಡಿನೊಡನೆ ಎದುರಾಳಿ ನುಗ್ಗಿ ಬರುತ್ತಿರುವಾಗ ಗೋಲ್‌ಕೀಪರ್ ಗೆರೆಯ ಮೇಲೆಯೇ ನಿಂತಿದ್ದರೆ ಅವನ ಎರಡು ಪಕ್ಕಗಳಲ್ಲಿಯೂ ವಿಶಾಲವಾದ ತೆರಪು ಉಳಿಯುತ್ತದೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಆ ತೆರಪು ಕಿರಿದಾಗುತ್ತದೆ. ಆದರೆ ತಲೆಯ ಮೇಲಿಂದ ಚೆಂಡನ್ನು ಎತ್ತಿಹಾಕುವ ಅವಕಾಶ ಎದುರಾಳಿಗೆ ಹೆಚ್ಚುತ್ತದೆ. ಮುಂದೆ ಬರಬೇಕೆ, ನಿಲ್ಲಬೇಕೆ. ಹಿಡಿಯಬೇಕೆ, ಗುದ್ದಿ ಹೊರಕ್ಕೆ ಕಳಿಸಬೇಕೆ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಚೆಂಡು ಕೈಗೆ ಬಂದ ಮೇಲೂ ಕೆಲಸ ಮುಗಿಯದು. ಅದನ್ನು ದೂರದಲ್ಲಿರುವ ತನ್ನವನಿಗೆ ಸರಿಯಾಗಿ ತಲಪಿಸಿದರೆ ರಕ್ಷಣೆಯೇ ಆಕ್ರಮಣದ ಆರಂಭವಾಗುತ್ತದೆ. ಈ ವಿದ್ಯೆಯನ್ನು ತಂಗರಾಜರು ಶ್ರದ್ಧೆಯಿಂದ ಸಾಧಿಸಿದರು. ಮದರಾಸು ರೆಜಿಮೆಂಟಿನ ಕೇಂದ್ರದ ತಂಡ 1955ರಲ್ಲಿಯೂ 1958ರಲ್ಲಿಯೂ ದೇಶದ ಅತ್ಯಂತ ಹಳೆಯ ಫುಟ್‌ಬಾಲ್ ಪಂದ್ಯಾವಳಿಯಾದ ಡ್ಯೂರಾಂಡ್ ಕಪ್ಪನ್ನು ಗೆದ್ದುಕೊಂಡಿತು. ಮುಂದೆ 1960ರಲ್ಲಿ ಸಂತೋಷ್ ಟ್ರೋಫಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸೇನಾಪಡೆಗಳ ತಂಡ ಜಯಶಾಲಿಯಾದಾಗ ಅದರ ನಾಯಕರಾಗಿದ್ದವರು ತಂಗರಾಜರೇ.

ಅವರು ರಾಷ್ಟ್ರದ ತಂಡವನ್ನು ಪ್ರವೇಶಿಸಿದ ಕಾಲ ಭಾರತದ ಫುಟ್‌ಬಾಲಿಗೆ ಒಂದು ಸಂಧಿಕಾಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ ಕೇವಲ 1-2 ಗೋಲುಗಳಿಂದ ಸೋತು ಪ್ರೇಕ್ಷಕರ ಮೆಚ್ಚುಗೆ ಗಳಿಸಿದ್ದರು. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಎದುರು 1-10 ಗೋಲುಗಳ ಸೋಲು ಒದಗಿತು. ಆ ಪೆಟ್ಟು ನಮ್ಮವರ ಕಣ್ಣು ತೆರೆಯಿಸಿತು. ಬೂಟು ತೊಟ್ಟು ಆಡುವ ಅಭ್ಯಾಸ ಬಲವಾಯಿತು. ತರಬೇತಿಗೆ ಹೊಸ ಕ್ರಮ ಬಂದಿತು. ಈ ಹೊಸತನಕ್ಕೆ ಮುಖ್ಯ ಕಾರಣರಾದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಪಾಠ ಹೇಳುವವನ ತಾಳ್ಮೆ, ಮಕ್ಕಳ ಶಕ್ತಿಯನ್ನು ಗುರುತಿಸುವವನ ಸೂಕ್ಷ್ಮದೃಷ್ಟಿ, ತಪ್ಪನ್ನು ತಿದ್ದುವವನ ಬಿಗಿ, ಈ ಮೂರನ್ನೂ ಅವರು ಮೈದಾನಕ್ಕೆ ತಂದರು.

ತಂಗರಾಜರು 1955ರಲ್ಲಿ ಢಾಕಾದಲ್ಲಿ ನಡೆದ ಚತುಷ್ಕೋನ ಪಂದ್ಯಾವಳಿಯಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಆಡಿದರು. ಮರುವರ್ಷ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಮುಂಬಯಿಯ ಎಸ್. ಎಸ್. ನಾರಾಯಣ್ ಅವರೊಡನೆ ಗೋಲ್‌ಕೀಪರ್ ಆಗಿ ಆಯ್ಕೆಯಾದರು. ಅಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2 ಗೋಲುಗಳಿಂದ ಸೋಲಿಸಿ ಸೆಮಿಫೈನಲನ್ನು ತಲಪಿತು. ಕೊನೆಗೆ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ನಮ್ಮ ದೇಶ ಏರಿದ ಅತಿ ಎತ್ತರದ ಮೆಟ್ಟಿಲು ಅದೇ. 1958ರಲ್ಲಿ ಟೋಕಿಯೊದ ಏಷ್ಯನ್ ಕ್ರೀಡೆಗಳಲ್ಲಿ ಆಡಿದ ತಂಗರಾಜರಿಗೆ ಅದೇ ವರ್ಷ ಏಷ್ಯದ ಅತ್ಯುತ್ತಮ ಗೋಲ್‌ಕೀಪರ್ ಎಂಬ ಮನ್ನಣೆ ದೊರೆಯಿತು. ಆಗ ಅವರ ವಯಸ್ಸು ಇಪ್ಪತ್ತಮೂರನ್ನೂ ಮುಟ್ಟಿರಲಿಲ್ಲ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತದ ಪಾಲಿಗೆ ಬಂದ ಗುಂಪು ಬಹಳ ಕಠಿಣವಾದುದು. ಹಂಗೆರಿ, ಫ್ರಾನ್ಸ್, ಪೆರು ಈ ಮೂರು ದೇಶಗಳೂ ಫುಟ್‌ಬಾಲಿನಲ್ಲಿ ಪಳಗಿದವು. ಆದರೂ ನಮ್ಮವರು ಹಂಗೆರಿಗೆ 1-2 ಗೋಲುಗಳಿಂದ ಮಾತ್ರ ಸೋತರು. ಫ್ರಾನ್ಸಿನೊಡನೆ 1-1ರ ಸಮಸ್ಥಿತಿಯನ್ನು ಸಾಧಿಸಿದರು. ಪೆರುವಿಗೆ 1-3ರಿಂದ ಮಣಿದರು. ಹಂಗೆರಿ ಆ ಸಲ ಕಂಚಿನ ಪದಕವನ್ನು ಗೆದ್ದ ತಂಡವೆಂಬುದನ್ನು ನೆನೆದರೆ ಆ ಸೋಲಿನ ಬೆಲೆ ತಿಳಿಯುತ್ತದೆ. ಹೆಲ್ಸಿಂಕಿಯ ಒಂದೇ ಪಂದ್ಯದಲ್ಲಿ ಹತ್ತು ಗೋಲುಗಳನ್ನು ಬಿಟ್ಟುಕೊಟ್ಟಿದ್ದ ದೇಶ ಎಂಟು ವರ್ಷಗಳ ತರುವಾಯ ಮೂರು ಪಂದ್ಯಗಳಲ್ಲಿ ಸೇರಿ ಆರು ಗೋಲುಗಳನ್ನು ಮಾತ್ರ ಬಿಟ್ಟುಕೊಟ್ಟಿತು. ಅಂಕಿಗಳ ನಡುವೆ ಅಡಗಿರುವ ಗೋಲ್‌ಕೀಪರನ ಶ್ರಮವನ್ನು ಹೀಗೆ ಹುಡುಕಿ ತೆಗೆಯಬೇಕಾಗುತ್ತದೆ.

ತಂಗರಾಜರ ಜೀವನದ ಅತಿ ದೊಡ್ಡ ಪರೀಕ್ಷೆ ಬಂದುದು 1962ರಲ್ಲಿ, ಇಂಡೋನೇಷ್ಯದ ರಾಜಧಾನಿ ಜಕಾರ್ತದಲ್ಲಿ. ಅಲ್ಲಿ ನಡೆದ ನಾಲ್ಕನೆಯ ಏಷ್ಯನ್ ಕ್ರೀಡೆಗಳಿಗೆ ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಪಟುಗಳು ಬರಲು ಅವಕಾಶವಾಗಿರಲಿಲ್ಲ. ಇದು ಕ್ರೀಡಾಧರ್ಮಕ್ಕೆ ಒಪ್ಪುವುದಿಲ್ಲವೆಂದು ಭಾರತದ ಕ್ರೀಡಾಧುರೀಣರಾದ ಜಿ. ಡಿ. ಸೋಂಧಿಯವರು ಆಕ್ಷೇಪವೆತ್ತಿದರು. ಇದರಿಂದ ಅಲ್ಲಿನ ಜನ ಕೆರಳಿದರು. ಉದ್ರಿಕ್ತ ಗುಂಪು ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ಮಾಡಿತು. ಈ ವಿವಾದದಲ್ಲಿ ನಮ್ಮ ಆಟಗಾರರ ಪಾತ್ರವೇನೂ ಇರಲಿಲ್ಲ. ಆದರೂ ಜನರ ಕೋಪವನ್ನು ಮೈದಾನದಲ್ಲಿ ಎದುರಿಸಬೇಕಾದವರು ಅವರೇ.

ತಂಡದೊಳಗಿನ ಕಷ್ಟಗಳೂ ಕಡಿಮೆಯಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಭಾರತವನ್ನು 2-0 ಗೋಲುಗಳಿಂದ ಸೋಲಿಸಿತು. ಬಳಿಕ ನಮ್ಮವರು ಥಾಯ್ಲೆಂಡನ್ನು 4-1ರಿಂದಲೂ ಜಪಾನನ್ನು 2-0ಯಿಂದಲೂ ಗೆದ್ದರು. ಥಾಯ್ಲೆಂಡಿನ ಎದುರಿನ ಆಟದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗುರು ರಹೀಮರ ದೇಹವನ್ನು ಕ್ಯಾನ್ಸರ್ ರೋಗ ಒಳಗೊಳಗೇ ತಿನ್ನುತ್ತಿತ್ತು. ತಂಗರಾಜರೂ ಜ್ವರದಿಂದ ಮಲಗಿದರು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಎದುರು ಅವರ ಸ್ಥಾನದಲ್ಲಿ ನಿಂತು ಗೋಲು ಕಾಯ್ದವರು ಬಂಗಾಳದ ಪ್ರದ್ಯೋತ್ ಬರ್ಮನ್. ಭಾರತ 3-2ರಿಂದ ಗೆದ್ದು ಫೈನಲನ್ನು ತಲಪಿತು.

ಫೈನಲಿನಲ್ಲಿ ಎದುರಾದುದು ಮತ್ತೆ ದಕ್ಷಿಣ ಕೊರಿಯವೇ. ರಹೀಮರು ಈಗ ಕಠಿಣವಾದ ನಿರ್ಧಾರಗಳನ್ನು ಕೈಗೊಳ್ಳಬೇಕಾಗಿತ್ತು. ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಸಿಂಗರನ್ನು ಸೆಮಿಫೈನಲಿನಲ್ಲಿ ಮಾಡಿದಂತೆಯೇ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಗೋಲಿನ ಮುಂದೆ, ಆಗತಾನೇ ಜ್ವರ ಬಿಟ್ಟು ಎದ್ದಿದ್ದ ತಂಗರಾಜರನ್ನು ನಿಲ್ಲಿಸಿದರು. ಗೆದ್ದ ತಂಡದ ಗೋಲ್‌ಕೀಪರನನ್ನು ಕೂರಿಸಿ, ಕಾಯಿಲೆಯಿಂದ ಎದ್ದವನನ್ನು ಕರೆಯುವುದು ಸಣ್ಣ ಧೈರ್ಯದ ಕೆಲಸವಲ್ಲ. ತಂಗರಾಜರು ಅಂದು ತಪ್ಪಿದ್ದರೆ ದೋಷ ಅವರೊಬ್ಬರಿಗೇ ತಟ್ಟುತ್ತಿರಲಿಲ್ಲ. ಅವರನ್ನು ನಂಬಿದ ಗುರುವಿಗೂ ತಟ್ಟುತ್ತಿತ್ತು. ಹೊರಗೆ ಕುಳಿತ ಬರ್ಮನ್ನರ ತ್ಯಾಗವೂ ನಿಷ್ಫಲವಾಗುತ್ತಿತ್ತು.

1962ರ ಸೆಪ್ಟೆಂಬರ್ 4. ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ನೆರೆದಿದ್ದರು. ಅವರಲ್ಲಿ ಬಹುಮಂದಿ ಭಾರತದ ಸೋಲನ್ನೇ ಬಯಸಿ ಬಂದವರು. ನಮ್ಮ ಆಟಗಾರರ ಕಾಲಿಗೆ ಚೆಂಡು ತಾಗಿದಾಗಲೆಲ್ಲ ಗೇಲಿಯ ಕೂಗು ಮುಗಿಲು ಮುಟ್ಟುತ್ತಿತ್ತು. ಆ ಜನಸಾಗರದ ನಡುವೆ ನಮ್ಮವರಿಗಾಗಿ ಚಪ್ಪಾಳೆ ತಟ್ಟಿದವರಲ್ಲಿ ಪಾಕಿಸ್ತಾನದ ಹಾಕಿ ತಂಡದವರೂ ಇದ್ದರೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿಯವರು ಮೊದಲ ಗೋಲನ್ನು ಹೊಡೆದರು. ಸ್ವಲ್ಪ ಹೊತ್ತಿನಲ್ಲಿಯೇ ಜರ್ನೈಲ್ ಸಿಂಗರು ಎರಡನೆಯದನ್ನು ಸೇರಿಸಿದರು. ಅಲ್ಲಿಂದ ಮುಂದೆ ಒಂದು ಗಂಟೆಗೂ ಮೀರಿದ ಕಾಲ ಆ ಮುನ್ನಡೆಯನ್ನು ಕಾಯುವ ಕೆಲಸ ಉಳಿದಿತ್ತು.

ಓಡಾಡುವ ಆಟಗಾರನಿಗೆ ಜನರ ಕೂಗನ್ನು ಮರೆಯುವ ಉಪಾಯವುಂಟು; ಓಟದ ಭರದಲ್ಲಿ ಅದು ಅವನ ಕಿವಿಗೆ ಬೀಳದೆ ಹೋಗಬಹುದು. ಗೋಲಿನ ಮುಂದೆ ನಿಂತವನಿಗೆ ಆ ಅನುಕೂಲವಿಲ್ಲ. ಅವನ ಬೆನ್ನ ಹಿಂದೆಯೇ ಜನ. ಅವನ ಕಣ್ಣೆದುರು ದೂರದಲ್ಲಿ ಚೆಂಡು. ಬೆನ್ನ ಹಿಂದಿನದನ್ನು ಮರೆತು ಕಣ್ಣೆದುರಿನದರಲ್ಲಿ ಮನಸ್ಸನ್ನು ನಿಲ್ಲಿಸುವುದೇ ಅವನ ತಪಸ್ಸು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಕೊರಿಯ ಒಂದು ಗೋಲನ್ನು ಸಾಧಿಸಿತು. ಕ್ರೀಡಾಂಗಣ ಭೋರ್ಗರೆಯಿತು. ಇನ್ನೊಂದು ಗೋಲು ಬಿದ್ದಿದ್ದರೆ ಆ ದಿನದ ಕಥೆಯೇ ಬೇರೆಯಾಗುತ್ತಿತ್ತು. ಅದು ಬೀಳಲಿಲ್ಲ. 2-1 ಗೋಲುಗಳಿಂದ ಗೆದ್ದ ಭಾರತ ಚಿನ್ನದ ಪದಕವನ್ನು ಪಡೆಯಿತು. 1951ರ ದೆಹಲಿಯ ಕ್ರೀಡೆಗಳ ನಂತರ ಫುಟ್‌ಬಾಲಿನಲ್ಲಿ ಭಾರತಕ್ಕೆ ಬಂದ ಎರಡನೆಯ ಏಷ್ಯನ್ ಚಿನ್ನವದು. ಮೂರನೆಯದು ಇಂದಿನವರೆಗೂ ಬಂದಿಲ್ಲ. ಮರುವರ್ಷ ಜೂನ್ ತಿಂಗಳಿನಲ್ಲಿ ರಹೀಮರು ತೀರಿಕೊಂಡರು. ಶಿಷ್ಯರು ಗುರುವಿಗೆ ಸಲ್ಲಿಸಿದ ಕಡೆಯ ಕಾಣಿಕೆ ಆ ಗೆಲವು.

ಸೈನ್ಯವನ್ನು ಬಿಟ್ಟ ಮೇಲೆ ತಂಗರಾಜರು ಕಲ್ಕತ್ತೆಯನ್ನು ತಮ್ಮ ಆಟದ ನೆಲೆಯನ್ನಾಗಿ ಮಾಡಿಕೊಂಡರು. ಆ ನಗರದಲ್ಲಿ ಫುಟ್‌ಬಾಲ್ ಎಂದರೆ ಜನರಿಗೆ ಜೀವ. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎಂಬ ಮೂರು ದೊಡ್ಡ ತಂಡಗಳ ಅಭಿಮಾನಿಗಳ ನಡುವಿನ ಪೈಪೋಟಿ ಪ್ರಸಿದ್ಧವಾದುದು. ತಂಗರಾಜರು ಈ ಮೂರು ತಂಡಗಳಿಗೂ ಆಡಿದರು. ಇಂದು ನಮ್ಮವನೆಂದು ಕೊಂಡಾಡಿದ ಜನ ನಾಳೆ ಎದುರು ಪಾಳೆಯದಲ್ಲಿ ಕಂಡಾಗ ಮುನಿಯುವುದು ಸಹಜ. ಹೊಗಳಿಕೆ, ಮುನಿಸು ಎರಡನ್ನೂ ಕಂಡ ಆಟಗಾರನಿಗೆ ಉಳಿಯುವುದು ತನ್ನ ಕೆಲಸವೊಂದೇ.

1964ರಲ್ಲಿ ಇಸ್ರೇಲಿನಲ್ಲಿ ನಡೆದ ಏಷ್ಯ ಕಪ್ ಪಂದ್ಯಾವಳಿಯಲ್ಲಿ ಭಾರತ ಎರಡನೆಯ ಸ್ಥಾನವನ್ನು ಪಡೆದಾಗಲೂ ತಂಗರಾಜರು ತಂಡದಲ್ಲಿದ್ದರು. 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿಯೂ ದೇಶವನ್ನು ಪ್ರತಿನಿಧಿಸಿದರು. ಏಷ್ಯದ ಆಯ್ದ ಆಟಗಾರರ ತಂಡದಲ್ಲಿ ಎರಡು ಸಲ ಸ್ಥಾನ ಪಡೆದರು. 1967ರಲ್ಲಿ ಭಾರತ ಸರ್ಕಾರ ಅವರಿಗೆ ಅರ್ಜುನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಆ ಪ್ರಶಸ್ತಿ 1961ರಿಂದಲೇ ಬಳಕೆಯಲ್ಲಿದ್ದರೂ ಫುಟ್‌ಬಾಲಿನಲ್ಲಿ ಅದನ್ನು ಅದುವರೆಗೆ ಪಡೆದವರೆಲ್ಲ ಮೈದಾನದಲ್ಲಿ ಓಡಾಡಿ ಆಡುವವರೇ ಆಗಿದ್ದರು. ಗೋಲು ಕಾಯುವವನೊಬ್ಬನ ಸೇವೆ ಆ ಬಗೆಯ ಮನ್ನಣೆಗೆ ಪಾತ್ರವಾದುದು ತಂಗರಾಜರಿಂದಲೇ ಮೊದಲು.

1971ರಲ್ಲಿ ಅವರು ಆಟದಿಂದ ನಿವೃತ್ತರಾದರು. ಆದರೆ ಮೈದಾನದಿಂದ ದೂರವಾಗಲಿಲ್ಲ. ಗೋವೆಯ ವಾಸ್ಕೊ ತಂಡಕ್ಕೂ ಆಲಿಘರ್ ಮುಸ್ಲಿಂ ವಿಶ್ವವಿದ್ಯಾನಿಲಯದ ಆಟಗಾರರಿಗೂ ತರಬೇತಿ ನೀಡಿದರು. ಆಮೇಲೆ ಬೊಕಾರೊ ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ ಎಳೆಯರಿಗೆ ಫುಟ್‌ಬಾಲ್ ಕಲಿಸುವ ಕೆಲಸದಲ್ಲಿ ತೊಡಗಿದರು. ಲಕ್ಷ ಜನರ ಕೂಗನ್ನು ಎದುರಿಸಿ ನಿಂತಿದ್ದವರು ಈಗ ಕಾರ್ಖಾನೆಯ ಊರಿನ ಹುಡುಗರಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಿದ್ದರು. ಗುರುವಿನಿಂದ ಪಡೆದುದನ್ನು ಶಿಷ್ಯರಿಗೆ ದಾಟಿಸುವುದೇ ಗುರುಋಣವನ್ನು ತೀರಿಸುವ ನಿಜವಾದ ದಾರಿ. ಆ ದಾರಿಯಲ್ಲಿ ನಡೆದ ತಂಗರಾಜರು 2008ರ ನವೆಂಬರ್ 24ರಂದು ಬೊಕಾರೊದಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ ವಯಸ್ಸಾಗಿತ್ತು.

ಜಕಾರ್ತದ ಗೆಲವನ್ನು ಕುರಿತ ಬರೆಹಗಳಲ್ಲಿ ಗೋಲು ಹೊಡೆದ ಇಬ್ಬರ ಹೆಸರುಗಳು ತಪ್ಪದೆ ಬರುತ್ತವೆ; ಯಾವ ನಿಮಿಷದಲ್ಲಿ ಹೊಡೆದರೆಂಬುದೂ ದಾಖಲಾಗಿದೆ. ಬೀಳದೆ ಹೋದ ಗೋಲನ್ನು ದಾಖಲಿಸುವ ಪುಸ್ತಕ ಮಾತ್ರ ಎಲ್ಲಿಯೂ ಇಲ್ಲ. ತಂಗರಾಜರು ಜೀವಮಾನವೆಲ್ಲ ದುಡಿದುದು ಆ ಬರೆಯದ ಪುಸ್ತಕಕ್ಕಾಗಿ. ಅವರಿಗೆ ಜ್ವರ ಬಂದ ದಿನ ನಿಂತು, ಅವರು ಬಂದ ದಿನ ಸರಿದು ಕೊಟ್ಟ ಬರ್ಮನ್ನರ ಹೆಸರೂ ಅದೇ ಪುಸ್ತಕದಲ್ಲಿದೆ.

ನಮ್ಮ ಸುತ್ತಲೂ ಇಂಥ ಕಾವಲುಗಾರರು ಅನೇಕರಿದ್ದಾರೆ. ರಾತ್ರಿಯೆಲ್ಲ ರೈಲಿನ ಹಳಿಯನ್ನು ಪರೀಕ್ಷಿಸುತ್ತ ನಡೆಯುವವನು, ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲುಗಳ ಬಳಿ ಎಚ್ಚರವಾಗಿರುವವನು, ಗಡಿಯ ಹಿಮದಲ್ಲಿ ನಿಂತ ಸೈನಿಕ, ಇವರ ಕೆಲಸ ಸರಿಯಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದೆ ಇರುವುದೇ ಅವರು ನಮಗೆ ಕೊಡುವ ಉಡುಗೊರೆ. ಮುಂದಿನ ಸಲ ಶಾಲೆಯ ಮೈದಾನದಲ್ಲಿ ಆಟ ಮುಗಿದು, ಗೋಲು ಹೊಡೆದವನ ಸುತ್ತ ಎಲ್ಲರೂ ಗುಂಪುಗೂಡಿದಾಗ, ಆಚೆಯ ತುದಿಯಿಂದ ಒಬ್ಬನೇ ನಡೆದು ಬರುತ್ತಿರುವ ಗೆಳೆಯನ ಕಡೆಗೂ ನಾವು ನಾಲ್ಕು ಹೆಜ್ಜೆ ನಡೆಯೋಣ. ತಂಗರಾಜರ ನೆನಪಿಗೆ ಅದಕ್ಕಿಂತ ಮಿಗಿಲಾದ ಗೌರವ ಬೇಕಿಲ್ಲ.